ಸ್ಕಾಲರ್‌ಶಿಪ್ ಅರ್ಜಿ: ಮೊದಲು ಬ್ಯಾಂಕ್, ಆಮೇಲೆ ಪೋರ್ಟಲ್

'ಅರ್ಜಿ ಹಾಕಿದ್ದೆ, ಮಂಜೂರಾಗಿದೆ ಅಂತಾನೂ ತೋರಿಸ್ತಿದೆ. ದುಡ್ಡು ಮಾತ್ರ ಬಂದಿಲ್ಲ ಸರ್.' ಕಾಲೇಜಿನಲ್ಲಿ ಪ್ರತಿ ವರ್ಷ ಈ ಮಾತು ಕೇಳುತ್ತೇನೆ. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ತುಂಬುವುದು ಕಷ್ಟವಲ್ಲ. ಮಕ್ಕಳು ಎಡವುವುದು ಬ್ಯಾಂಕ್ ಖಾತೆಯಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಮೊದಲ ಹಂತ, ಸೀಡಿಂಗ್, ಅಂದರೆ ಸರ್ಕಾರದ ಹಣ ಬರಲು ಆಧಾರ್‌ಗೆ ಒಂದು ಬ್ಯಾಂಕನ್ನು ಜೋಡಿಸುವುದು. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವಲ್ಲ, ಲಿಂಕ್ ಆಗಿರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಬರೀ ಕೆವೈಸಿ, ಅಂದರೆ ಗುರುತಿನ ದಾಖಲೆ ಪರಿಶೀಲನೆ. ಸರ್ಕಾರದ ಹಣ ಬರುವುದು ಖಾತೆ ಸಂಖ್ಯೆಗೆ ಅಲ್ಲ, ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂಬುದು ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಇರಬೇಕು. ನಿಮ್ಮ ಹತ್ತಿರ ಮೂರು ಖಾತೆ ಇದ್ದರೂ ಪಟ್ಟಿಯಲ್ಲಿರುವುದು ಒಂದೇ ಬ್ಯಾಂಕ್, ಕೊನೆಗೆ ಸೀಡ್ ಆಗಿದ್ದು. ಎಷ್ಟೋ ಮಕ್ಕಳ ದುಡ್ಡು ಯಾವಾಗಲೋ ಮೊಬೈಲ್‌ನಲ್ಲಿ ತೆರೆದು ಮರೆತ ಖಾತೆಗೆ ಹೋಗಿ ಕೂತಿರುತ್ತದೆ.

ನೋಡುವುದು ಸುಲಭ. ಮೈಆಧಾರ್ ವೆಬ್‌ಸೈಟ್‌ಗೆ ಒಟಿಪಿ ಹಾಕಿ ಒಳಗೆ ಹೋಗಿ, 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, 'ಆಕ್ಟಿವ್' ಎಂಬ ಪದ ಎರಡೂ ಕಾಣಬೇಕು. ಇಲ್ಲವಾದರೆ ನಿಮ್ಮ ಶಾಖೆಗೇ ಹೋಗಿ 'ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ' ಅಂತ ಬಾಯಿಬಿಟ್ಟು ಕೇಳಿ, ಫಾರಂ ಕೊಡಿ. ಡಿಬಿಟಿ ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ. ಸುಮ್ನೆ 'ಲಿಂಕ್ ಮಾಡಿ' ಅಂದರೆ ಮತ್ತೆ ಕೆವೈಸಿ ಮಾಡಿ ಕಳಿಸುತ್ತಾರೆ. ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿ. ಖಾತೆಯೇ ಇಲ್ಲದವರಿಗೆ ನನ್ನ ಸಲಹೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕ್. ಬೆರಳಚ್ಚು ಕೊಟ್ಟರೆ ಖಾತೆ ಆಗುತ್ತದೆ. ಸೀಡಿಂಗ್ ಕೂಡ ಬೇಕು ಅಂತ ಅಲ್ಲೇ ಹೇಳಿಬಿಡಿ.

ಎರಡನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್', ಆಧಾರ್‌ನಲ್ಲಿ 'ಮಂಜುನಾಥ ಹನುಮಂತಪ್ಪ' ಅಂತ ಇದ್ದರೆ ತೊಂದರೆ ಗ್ಯಾರಂಟಿ. ಅಂಕಪಟ್ಟಿ ಮುಟ್ಟಬೇಡಿ, ಆಧಾರ್ ಸರಿಮಾಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಸಲ ಅವಕಾಶ. ಒಂದೊಂದು ಅಕ್ಷರವನ್ನೂ ನೋಡಿ ಬರೆಸಿ.

ಮೂರನೆಯದು ಜಾತಿ, ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ವಿದ್ಯಾರ್ಥಿಯ ಹೆಸರಲ್ಲೇ ಮಾಡಿಸಿ. ಪೋರ್ಟಲ್‌ಗೆ ಬೇಕಾಗಿರುವುದು ಅದರ ಮೇಲಿರುವ, 'ಆರ್‌ಡಿ' ಅಂತ ಶುರುವಾಗುವ ಸಂಖ್ಯೆ. ಆದಾಯದ್ದಕ್ಕೆ 5 ವರ್ಷ ಅವಧಿ. ಪಿಯುಸಿಗೆ ಕೊಟ್ಟಿದ್ದು ಡಿಗ್ರಿ ಹೊತ್ತಿಗೆ ಮುಗಿದಿರಬಹುದು, ದಿನಾಂಕ ನೋಡಿಕೊಳ್ಳಿ.

ಆಮೇಲೆ ಪೋರ್ಟಲ್‌ನಲ್ಲಿ ಖಾತೆ ಮಾಡಿ, ಕೇಳಿದ್ದನ್ನು ತುಂಬಿ, ಸಲ್ಲಿಸಿ. ಒಂದು ಕಡೆ ಮಾತ್ರ ನಿಧಾನಿಸಿ: ಹಾಸ್ಟೆಲ್ ಪ್ರಶ್ನೆ. ಹಾಸ್ಟೆಲ್ ಸಿಗದೆ ರೂಮ್ ಮಾಡಿಕೊಂಡಿರುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಲೆಕ್ಕದಲ್ಲಿ 10 ತಿಂಗಳ ನೆರವಿದೆ. ಅಲ್ಲಿ ತಪ್ಪು ಒತ್ತಿದರೆ ಅದು ಕೈತಪ್ಪುತ್ತದೆ.

ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ಪಕ್ಕದಲ್ಲೇ ಕೂತಿರಿ. ಅವರು ಸಮಯ ಉಳಿಸಲು ತಮ್ಮ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ, ಮುಂದಿನ ವರ್ಷ ಒಟಿಪಿ ಅವರಿಗೆ ಹೋಗುತ್ತದೆ. ನಿಮ್ಮದೇ ನಂಬರ್ ಹಾಕಿಸಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಸ್ವೀಕೃತಿ ಪ್ರಿಂಟ್ ತೆಗೆಸಿಕೊಳ್ಳಿ.

ಹಣ ಬಂತಾ ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ನೋಡಬಹುದು. ಅದು ಕೈಸೇರುವ ತನಕ ಇನ್ನೆಲ್ಲೂ ಹೊಸ ಖಾತೆ ತೆರೆಯಬೇಡಿ. ಅಲ್ಲಿ ಸೀಡಿಂಗ್ ಆಗಿಬಿಟ್ಟರೆ ದುಡ್ಡೂ ಅಲ್ಲಿಗೇ ಹೋಗುತ್ತದೆ.