'ಅಕ್ಯೂಟ್ ಶಾರ್ಟೇಜ್ ಆಫ್' ಸರಿಯಾಗಿ ಬಳಸುವುದು ಹೇಗೆ?

ಕೆಲಸವೇ ನಿಂತು ಹೋಗುವಷ್ಟು ಕೊರತೆ ಬಿದ್ದಾಗ ಇಂಗ್ಲಿಷ್‌ನಲ್ಲಿ 'ಆ್ಯನ್ ಅಕ್ಯೂಟ್ ಶಾರ್ಟೇಜ್ ಆಫ್' ಅನ್ನುತ್ತಾರೆ. ಸುದ್ದಿ, ವರದಿ, ಕಚೇರಿ ಪತ್ರಗಳಲ್ಲಿ ಇದು ಜಾಸ್ತಿ. ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ ಅನ್ನುವುದಕ್ಕೆಲ್ಲ ಇಷ್ಟು ಭಾರದ ಮಾತು ಬೇಡ, 'ವಿ ಆರ್ ಔಟ್ ಆಫ್ ಶುಗರ್' ಅಂದರೆ ಸಾಕು.

ವಾಕ್ಯ ಕಟ್ಟಲು ಎರಡು ದಾರಿ ಇವೆ. 'ದೇರ್ ಈಸ್ ಆ್ಯನ್ ಅಕ್ಯೂಟ್ ಶಾರ್ಟೇಜ್ ಆಫ್ ಬ್ಲಡ್' ಅಂತ ಪರಿಸ್ಥಿತಿಯನ್ನಷ್ಟೇ ಹೇಳಬಹುದು. ಇಲ್ಲವೇ ತೊಂದರೆ ಯಾರಿಗೆ ಅನ್ನುವುದನ್ನೂ ಸೇರಿಸಿ, 'ದಿ ಹಾಸ್ಪಿಟಲ್ ಈಸ್ ಫೇಸಿಂಗ್ ಆ್ಯನ್ ಅಕ್ಯೂಟ್ ಶಾರ್ಟೇಜ್ ಆಫ್ ನರ್ಸಸ್' ಅನ್ನಬಹುದು. ಸಹಾಯ ಕೇಳಿ ಪತ್ರ ಬರೆಯುತ್ತಿದ್ದರೆ ಎರಡನೆಯದೇ ಒಳ್ಳೆಯದು, ಓದಿದವರಿಗೆ ಯಾರಿಗೆ ಏನು ಬೇಕು ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ನಾವು ಹೆಚ್ಚು ಎಡವುವುದು 'ಆಫ್' ಹತ್ತಿರ. ಕನ್ನಡದಲ್ಲಿ 'ನೀರಿಗೆ ಬರ' ಅಂತೀವಿ ಅಲ್ವಾ, ಆ 'ಗೆ' ಮನಸ್ಸಿನಲ್ಲಿದ್ದು 'ಶಾರ್ಟೇಜ್ ಫಾರ್ ವಾಟರ್' ಅಂತ ಬಂದುಬಿಡುತ್ತದೆ. 'ಶಾರ್ಟೇಜ್ ಆಫ್ ವಾಟರ್' ಅನ್ನಿ. 'ಆಫ್' ಆದಮೇಲೆ ಎಣಿಸಬಹುದಾದದ್ದು ಬಂದರೆ ಬಹುವಚನ: ಡಾಕ್ಟರ್ಸ್, ಟೀಚರ್ಸ್, ಬೆಡ್ಸ್. ನೀರು, ರಕ್ತ, ಆಹಾರದಂಥವಕ್ಕೆ ಏಕವಚನವೇ. ಇಲ್ಲೇ ಇನ್ನೊಂದು ತಪ್ಪು ಆಗುತ್ತದೆ. 'ಡಾಕ್ಟರ್ಸ್' ಬಹುವಚನ ಅಂತ 'ದೇರ್ ಆರ್' ಅನ್ನಬೇಡಿ, ಇರುವುದು ಒಂದು ಕೊರತೆ, ಹಾಗಾಗಿ 'ದೇರ್ ಈಸ್'.

'ವಿ ಆರ್ ಶಾರ್ಟೇಜ್ ಆಫ್ ಸ್ಟಾಫ್' ಕೂಡ ತಪ್ಪು. 'ವಿ ಹ್ಯಾವ್ ಎ ಶಾರ್ಟೇಜ್ ಆಫ್ ಸ್ಟಾಫ್' ಅಥವಾ 'ವಿ ಆರ್ ಶಾರ್ಟ್ ಆಫ್ ಸ್ಟಾಫ್', ಎರಡರಲ್ಲಿ ಯಾವುದಾದರೂ ಸರಿ.

'ಅಕ್ಯೂಟ್' ಅಂದರೆ ತೀವ್ರ, ಈ ಹೊತ್ತಿಗೆ ಕೈಮೀರುತ್ತಿರುವ ಕೊರತೆ. ವರ್ಷಗಟ್ಟಲೆ ಎಳೆದುಕೊಂಡು ಬಂದದ್ದಾದರೆ 'ಕ್ರಾನಿಕ್ ಶಾರ್ಟೇಜ್' ಹೆಚ್ಚು ಸರಿಹೊಂದುತ್ತದೆ. ಪ್ರವಾಹ ಬಂದು ಕುಡಿಯುವ ನೀರು ಸಿಗದಿದ್ದರೆ ಮೊದಲನೆಯದು, ಒಂದು ಶಾಲೆಗೆ ಎಷ್ಟೋ ವರ್ಷದಿಂದ ಸಾಕಷ್ಟು ಮೇಷ್ಟ್ರುಗಳೇ ಇಲ್ಲದಿದ್ದರೆ ಎರಡನೆಯದು. ಈ ವ್ಯತ್ಯಾಸ ದಯವಿಟ್ಟು ನೆನಪಿಡಿ, ತುರ್ತಾಗಿ ಏನಾದರೂ ಮಾಡಬೇಕೋ, ವ್ಯವಸ್ಥೆಯನ್ನೇ ಬದಲಿಸಬೇಕೋ ಅನ್ನುವುದು ಇದರಿಂದ ತಿಳಿಯುತ್ತದೆ. ಐಡಿಯಾ, ಸಾಕ್ಷಿ, ಮಾಹಿತಿಯಂಥ ಕಣ್ಣಿಗೆ ಕಾಣದ ವಿಷಯಕ್ಕೆ 'ಎ ಡರ್ತ್ ಆಫ್' ಚೆನ್ನಾಗಿ ಹೊಂದುತ್ತದೆ: 'ದೇರ್ ಈಸ್ ಎ ಡರ್ತ್ ಆಫ್ ಎವಿಡೆನ್ಸ್'.

'ನೋ ಶಾರ್ಟೇಜ್ ಆಫ್' ಕಂಡರೆ ಮಾತ್ರ ಹುಷಾರು. ಅದರ ಅರ್ಥ ಬೇಕಾದಷ್ಟಿದೆ ಅಂತ.