ಹೊಸ ಚಾಲಕನಾಗಿ ಫ್ಲಾಟ್‌ಬೆಡ್ ಕಂಪನಿಯನ್ನು ನಾನು ಆರಿಸಿಕೊಂಡ ಬಗೆ

ಅಮೆರಿಕದಲ್ಲಿ ದೊಡ್ಡ ಲಾರಿ ಓಡಿಸಲು ಬೇಕಾದ ಕ್ಲಾಸ್ ಎ ಪರವಾನಗಿ ಕೈಗೆ ಬರುವ ಹೊತ್ತಿಗೇ ನೇಮಕಾತಿ ವಿಭಾಗಗಳ ಕರೆಗಳು ಶುರುವಾಗುತ್ತವೆ, ಮತ್ತು ಪ್ರತಿಯೊಬ್ಬರೂ ಮೊದಲು ಹೇಳುವುದು ಮೈಲಿಗೆ ಎಷ್ಟು ಸೆಂಟ್ ಎಂಬ ಲೆಕ್ಕವನ್ನೇ. ಮುಚ್ಚಿದ ಡ್ರೈ ವ್ಯಾನ್ ಓಡಿಸುವವನಿಗೆ ಬಹುಮಟ್ಟಿಗೆ ಅಷ್ಟು ಸಾಕು. ಫ್ಲಾಟ್‌ಬೆಡ್ ಎಂದರೆ ಗೋಡೆಯೂ ಚಾವಣಿಯೂ ಇಲ್ಲದ, ಹೆಚ್ಚಾಗಿ 48 ಅಡಿ ಉದ್ದದ ಟ್ರೇಲರ್. ಅದರ ಮೇಲೆ ಏರಿಸಿದ ಉಕ್ಕು, ಮರ, ಯಂತ್ರಗಳನ್ನು ಬಿಗಿಯುವುದು, ಹೊದಿಸುವುದು, ತಲುಪಿದ ಮೇಲೆ ಬಿಚ್ಚಿ ಮಡಚಿಡುವುದು ಎಲ್ಲವೂ ಚಾಲಕನ ಪಾಲಿಗೆ ಬರುತ್ತದೆ. ನಮ್ಮ ಕಡೆಯ ಲಾರಿಗಳಲ್ಲಿ ಕ್ಲೀನರ್ ಇರುತ್ತಾನೆ, ಹಗ್ಗ ಎಳೆಯಲು ಹಮಾಲರು ಸಿಗುತ್ತಾರೆ. ಇಲ್ಲಿ ಆ ಮೂರೂ ಪಾತ್ರಗಳನ್ನು ಒಬ್ಬನೇ ನಿಭಾಯಿಸಬೇಕು. ಹೀಗಾಗಿ ಚಕ್ರ ಉರುಳದ ಗಂಟೆಗಳಿಗೆ ಕಂಪನಿ ಏನು ಕೊಡುತ್ತದೆ ಮತ್ತು ಬಿಗಿಯುವ ಕೆಲಸವನ್ನು ಹೇಗೆ ಕಲಿಸುತ್ತದೆ ಎಂಬ ಎರಡನ್ನೇ ಮುಂದಿಟ್ಟುಕೊಂಡು ನಾನು ಕಂಪನಿಗಳನ್ನು ತೂಗಿ ನೋಡಿದೆ.

ಅನುಭವವಿಲ್ಲದವರನ್ನು ತೆಗೆದುಕೊಳ್ಳುವ ದೊಡ್ಡ ಫ್ಲಾಟ್‌ಬೆಡ್ ಕಂಪನಿಗಳು ಬಹಳ ಇಲ್ಲ. ನನ್ನ ಪಟ್ಟಿಯಲ್ಲಿದ್ದವು ಅಯೋವಾದ ಡಿ ಮೊಯ್ನ್‌ನ ಟಿಎಂಸಿ, ಅರ್ಕನ್ಸಾದ ಲಿಟಲ್ ರಾಕ್ ಬಳಿಯ ಮ್ಯಾವರಿಕ್, ಒಕ್ಲಹೋಮಾದ ಟಲ್ಸಾದ ಮೆಲ್ಟನ್, ವಿಸ್ಕಾನ್ಸಿನ್‌ನ ಮಾರ್ಷ್‌ಫೀಲ್ಡ್‌ನ ರೇಲ್ ಮತ್ತು ಮಿಸೂರಿಯ ಸ್ಪ್ರಿಂಗ್‌ಫೀಲ್ಡ್‌ನ ಪ್ರೈಮ್. ಒಂದೇ ಹೆಸರಿನ ಕೆಲಸವಾದರೂ ಇವು ಒಂದೇ ಬಗೆಯವಲ್ಲ. ಟಿಎಂಸಿ 2013ರಿಂದ ನೌಕರರ ಒಡೆತನದ ಕಂಪನಿ. ಮ್ಯಾವರಿಕ್‌ನಲ್ಲಿ ಗಾಜು ಸಾಗಿಸಲೆಂದೇ ಪ್ರತ್ಯೇಕ ವಿಭಾಗವಿದೆ. ಮೆಲ್ಟನ್‌ನ ವ್ಯವಹಾರ ಕೆನಡಾ, ಮೆಕ್ಸಿಕೋಗಳಿಗೂ ಚಾಚಿದೆ. ಪ್ರೈಮ್‌ನಲ್ಲಿ ಶೀತಲ ಟ್ರೇಲರ್ ಮತ್ತು ಟ್ಯಾಂಕರ್‌ಗಳ ಜೊತೆಗೆ ಫ್ಲಾಟ್‌ಬೆಡ್ ಒಂದು ವಿಭಾಗ. ಕಂಪನಿಯ ಹೆಸರಿಗಿಂತ ಅದು ಹೊರುವ ಸರಕು ಯಾವುದು ಎಂಬುದನ್ನು ನಾನು ಹೆಚ್ಚು ಕೆದಕಿ ಕೇಳಿದೆ, ಏಕೆಂದರೆ ಕಟ್ಟಡ ಸಾಮಗ್ರಿಯನ್ನೇ ನೆಚ್ಚಿಕೊಂಡ ಕಂಪನಿಯಲ್ಲಿ ಚಳಿಗಾಲ ಬಂದರೆ ಲೋಡುಗಳು ತೆಳುವಾಗುತ್ತವೆ, ಉಕ್ಕಿನ ಕಾರ್ಖಾನೆಗಳ ಒಪ್ಪಂದವಿರುವಲ್ಲಿ ಏರಿಳಿತ ಬೇರೆ ತೆರನಾಗಿರುತ್ತದೆ.

ತರಬೇತಿಯ ವಿಚಾರಕ್ಕೆ ಬಂದರೆ, 2022ರ ಫೆಬ್ರುವರಿ 7ರಿಂದ ಹೊಸ ಚಾಲಕರೆಲ್ಲರೂ ಕೇಂದ್ರ ಸರ್ಕಾರದ ನೋಂದಣಿಯಿರುವ ತರಬೇತಿ ಸಂಸ್ಥೆಯಲ್ಲೇ ಕಲಿಯಬೇಕೆಂಬ ನಿಯಮ ಜಾರಿಗೆ ಬಂದಿದೆ. ಆದರೆ ಆ ಪಠ್ಯದಲ್ಲಿ ಸರಕು ಬಿಗಿಯುವುದರ ಪಾಲು ಬಲು ಚಿಕ್ಕದು. ನಿಜವಾದ ಫ್ಲಾಟ್‌ಬೆಡ್ ವಿದ್ಯೆ ಕಂಪನಿಯ ಅಂಗಳದಲ್ಲೇ ದೊರೆಯಬೇಕು. ಆದ್ದರಿಂದ ನೇಮಕಾತಿಯವರಿಗೆ ನಾನು ಒಂದೇ ಪ್ರಶ್ನೆ ಹಾಕುತ್ತಿದ್ದೆ: 40,000 ಪೌಂಡ್ ತೂಕದ ಉಕ್ಕಿನ ಸುರುಳಿಗೆ ನಿಮ್ಮಲ್ಲಿ ಎಷ್ಟು ಸರಪಳಿ ಹಾಕಿಸುತ್ತೀರಿ? ಕಾನೂನಿನ ಪ್ರಕಾರ ಬಿಗಿತದ ಒಟ್ಟು ಸಾಮರ್ಥ್ಯ ಸರಕಿನ ತೂಕದ ಅರ್ಧಕ್ಕಾದರೂ ಸಮನಾಗಿರಬೇಕು, ಅಂದರೆ 20,000 ಪೌಂಡ್. ಎಂಟನೇ ಮೂರು ಇಂಚು ದಪ್ಪದ, 70ನೇ ದರ್ಜೆಯ ಸರಪಳಿಯೊಂದು ಟ್ರೇಲರಿನ ಒಂದು ಬದಿಯಿಂದ ಸರಕನ್ನು ಹಾದು ಇನ್ನೊಂದು ಬದಿಗೆ ಹೋದಾಗ 6,600 ಪೌಂಡ್ ಎಂದು ಲೆಕ್ಕಕ್ಕೆ ಬರುತ್ತದೆ. ಮೂರು ಸರಪಳಿ ಹಾಕಿದರೆ 19,800. ಇನ್ನೂರು ಪೌಂಡ್ ಕೊರತೆಯಿಂದ ಲಾರಿಯನ್ನು ತಪಾಸಣಾ ಕೇಂದ್ರದಲ್ಲೇ ನಿಲ್ಲಿಸಿಬಿಡಬಹುದು. ಅದೇ ಸರಪಳಿ ಹೊರಟ ಬದಿಗೇ ಮರಳಿ ಬಂದು ಸೇರಿದರೆ ಅದರ ಲೆಕ್ಕ ಅರ್ಧಕ್ಕಿಳಿಯುತ್ತದೆ ಎಂಬುದನ್ನೂ ತಿಳಿದಿರಬೇಕು. ಕಾನೂನಿನ ಕನಿಷ್ಠಕ್ಕಿಂತ ಒಂದೆರಡು ಹೆಚ್ಚು ಹಾಕಿಸುವುದೇ ನಮ್ಮ ನಿಯಮ ಎಂದು ಥಟ್ಟನೆ ಹೇಳಿದವರಿದ್ದರು, ತರಬೇತುದಾರರಿಗೆ ಫೋನ್ ದಾಟಿಸಿದವರಿದ್ದರು, ಅದೆಲ್ಲ ಸೇರಿದ ಮೇಲೆ ಕಲಿಯುವಿರಂತೆ ಎಂದವರೂ ಇದ್ದರು. ಮೂರನೆಯ ಉತ್ತರ ಕೊಟ್ಟವರನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಇನ್ನು ತಾಡಪಾಲಿನ ಮಾತು. ಮರದ ಹಲಗೆಗಳಿಗೆ ಹೊದಿಸುವ ದೊಡ್ಡ ತಾಡಪಾಲು ಒಂದೊಂದೂ ಸುಮಾರು 100 ಪೌಂಡ್ ತೂಗುತ್ತದೆ, ಮತ್ತು ಎತ್ತರದ ಲೋಡಿಗೆ ಎರಡಾದರೂ ಬೇಕಾಗುತ್ತವೆ. ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರುವಂತೆ ಹೊದಿಸಿದರೆ ಓಟದ ಗಾಳಿ ಎರಡೂ ಕೂಡುವ ಅಂಚಿನ ಮೇಲೆ ಜಾರಿಹೋಗುತ್ತದೆ. ಉಲ್ಟಾ ಮಾಡಿದರೆ ಗಾಳಿ ಒಳಹೊಕ್ಕು ಮೈಲಿ ಕಳೆಯುವಷ್ಟರಲ್ಲಿ ಬಟ್ಟೆ ಬಡಿದುಕೊಳ್ಳತೊಡಗುತ್ತದೆ. ಅಂಚಿನ ಉಂಗುರಗಳಿಗೆ ರಬ್ಬರ್ ಪಟ್ಟಿಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಲಾರಿಯ ಸುತ್ತ ಬರುವುದೇ ಒಂದು ದೀರ್ಘ ಕೆಲಸ, ಹಿಮಗಟ್ಟಿದ ಬೆಳಗ್ಗೆಯಂತೂ ಬೆರಳು ಸೆಟೆದು ಹೋಗುತ್ತದೆ. ಹೀಗಿರುವಾಗ ತಾಡಪಾಲಿಗೆ ಕೊಡುವ ಹಣ ಒಂದೊಂದು ತಾಡಪಾಲಿಗೋ, ಇಡೀ ಲೋಡಿಗೋ, ಮೇಲೆ ಹತ್ತಲು ಕಾರ್ಖಾನೆಯಲ್ಲಿ ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿ ತೂಗಿಸಿರುವ ಜಾಗವಿರುತ್ತದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಈ ಕೆಲಸದಲ್ಲಿ ಮೈಗೆ ಬೀಳುವ ಪೆಟ್ಟುಗಳಲ್ಲಿ ಲೋಡಿನ ಮೇಲಿಂದ ಬೀಳುವುದನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೆದರುತ್ತೇನೆ. ಒಂದು ಕಂಪನಿಯವರು ಫೋನಿನಲ್ಲಿ ಪ್ರತಿ ತಾಡಪಾಲಿಗೂ ಹಣ ಎಂದಿದ್ದರು; ಕಳಿಸಿದ ಪತ್ರದಲ್ಲಿ ಲೋಡಿಗೆ ಇಷ್ಟು ಎಂದಿತ್ತು. ಅಂದಿನಿಂದ ಬರಹದಲ್ಲಿ ಕಾಣದ ಮಾತನ್ನು ನಾನು ಸಂಬಳದ ಲೆಕ್ಕಕ್ಕೆ ಸೇರಿಸುವುದಿಲ್ಲ.

ಗಂಟೆಗಳ ಲೆಕ್ಕವನ್ನು ಕಾಗದದ ಮೇಲೆ ಹಾಕಿದಾಗ ಮೈಲಿಯ ದರ ಎಷ್ಟು ಹುಸಿಯಾಗಬಲ್ಲದೆಂದು ತಿಳಿಯಿತು. ಕೆಲಸ ಶುರುವಾದ ಮೇಲೆ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಓಡಿಸಬಹುದೆಂದು ನಿಯಮವಿದೆ. ಉಕ್ಕಿನ ಕಾರ್ಖಾನೆಯ ಸರದಿಯಲ್ಲಿ ನಾಲ್ಕು ಗಂಟೆ, ಬಿಗಿದು ಹೊದಿಸಲು ಎರಡು ಗಂಟೆ ಹೋದರೆ ಉಳಿಯುವುದು ಎಂಟೇ ಗಂಟೆ. ಅದರಲ್ಲೂ ಮೊದಲ 50 ಮೈಲಿಯೊಳಗೆ ನಿಲ್ಲಿಸಿ ಬಿಗಿತ ನೋಡಬೇಕು, ನಂತರ ಪ್ರತಿ 150 ಮೈಲಿಗೆ ಅಥವಾ ಮೂರು ಗಂಟೆಗೆ, ಯಾವುದು ಮೊದಲೋ ಆಗ, ಮತ್ತೆ ನೋಡಬೇಕು. ರಾಜ್ಯಗಳ ನಡುವೆ ಸರಕು ಒಯ್ಯುವ ಚಾಲಕರನ್ನು 1938ರ ಕಾರ್ಮಿಕ ಕಾಯ್ದೆ ಹೆಚ್ಚುವರಿ ವೇಳೆಯ ಕೂಲಿಯಿಂದ ಹೊರಗಿಟ್ಟಿದೆ. ಹಾಗಾಗಿ ಕಾಯುವಿಕೆಯ ಹಣ ಎಷ್ಟನೆಯ ಗಂಟೆಯಿಂದ ಶುರುವಾಗುತ್ತದೆ, ಲೋಡೇ ಸಿಗದ ದಿನಕ್ಕೆ ಏನು ಕೊಡುತ್ತಾರೆ, ವಾರಕ್ಕೆ ಖಾತರಿಯ ಕನಿಷ್ಠ ಸಂಬಳ ಇದೆಯೇ, ಸಂಬಳದ ಮೈಲಿಯನ್ನು ಯಾವ ನಕ್ಷೆಯಿಂದ ಅಳೆಯುತ್ತಾರೆ ಎಂಬುದನ್ನೆಲ್ಲ ಕೇಳಿ ಬರೆದಿಟ್ಟುಕೊಂಡೆ. ಲೋಡಿನ ಬಾಡಿಗೆಯಲ್ಲಿ ಶೇಕಡಾವಾರು ಕೊಡುವ ಕಂಪನಿಗಳೂ ಇವೆ. ಮಾರುಕಟ್ಟೆ ಏರಿದಾಗ ಅದು ಹಿತ, ಕುಸಿದಾಗ ಪೆಟ್ಟು ಚಾಲಕನ ಜೇಬಿಗೂ ತಟ್ಟುತ್ತದೆ. ಮೊದಲ ವರ್ಷದವನಿಗೆ ನಿಗದಿತ ದರವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಬಾಯಿಮಾತಿನಾಚೆಗೆ ದಾಖಲೆಯೂ ಸಿಗುತ್ತದೆ. ಸಾರಿಗೆ ಸುರಕ್ಷತಾ ಇಲಾಖೆಯ ಸೇಫರ್ ತಾಣದಲ್ಲಿ ಯಾವ ಕಂಪನಿಯ ಹೆಸರು ಹಾಕಿದರೂ ಕಳೆದ 24 ತಿಂಗಳ ತಪಾಸಣೆಗಳು, ರಸ್ತೆಯಲ್ಲೇ ನಿಲ್ಲಿಸಲ್ಪಟ್ಟ ವಾಹನಗಳ ಶೇಕಡಾ, ಅದರ ಪಕ್ಕದಲ್ಲೇ ರಾಷ್ಟ್ರೀಯ ಸರಾಸರಿ ಕಾಣುತ್ತವೆ. ಅಲ್ಲಿನ ಅಪಘಾತಗಳ ಪಟ್ಟಿಯನ್ನು ಮಾತ್ರ ಎಚ್ಚರದಿಂದ ಓದಬೇಕು, ತಪ್ಪು ಯಾರದೆಂದು ಅದು ಹೇಳುವುದಿಲ್ಲ. ವಾಹನಗಳ ಶೇಕಡಾ ಸರಾಸರಿಗಿಂತ ಬಹಳ ಮೇಲಿದ್ದ ಕಂಪನಿಯನ್ನು ನಾನು ಬಿಟ್ಟೆ, ಏಕೆಂದರೆ ತಪಾಸಣೆಯ ಫಲಿತಾಂಶ ಮೂರು ವರ್ಷ ಮತ್ತು ಅಪಘಾತ ಐದು ವರ್ಷ ಚಾಲಕನ ಹೆಸರಿನಲ್ಲೂ ಉಳಿದು ಮುಂದಿನ ಉದ್ಯೋಗದಾತನ ಕಣ್ಣಿಗೆ ಬೀಳುತ್ತದೆ. ಕಂಪನಿ ಬದಲಿಸಿದರೂ ಅದು ಜೊತೆಗೇ ಬರುತ್ತದೆ.

ಕೊನೆಗೆ ಸೇರಿದ್ದು ಮೈಲಿಗೆ ಕೆಲವು ಸೆಂಟ್ ಕಡಿಮೆ ಕೊಡುವ, ಆದರೆ ತಾಡಪಾಲಿಗೊಂದರಂತೆ ಹಣ ಕೊಟ್ಟು, ಲಾರಿ ಒಪ್ಪಿಸುವ ಮುನ್ನ ಅಂಗಳದಲ್ಲಿ ಸುರುಳಿ, ಪೈಪು, ಹಲಗೆ ಮೂರನ್ನೂ ಬಿಗಿಸಿ ಬಿಚ್ಚಿಸಿದ ಕಂಪನಿಯನ್ನು. ಸಹಿ ಹಾಕುವ ಮೊದಲು ಒಪ್ಪಂದದಲ್ಲಿ ನಾನು ಎರಡು ಬಾರಿ ಓದಿದ್ದು ತರಬೇತಿ ಶುಲ್ಕದ ವಾಕ್ಯವನ್ನು: ನಡುವೆ ಬಿಟ್ಟುಹೋದರೆ ತೀರಿಸಬೇಕಾದ ಸಾಲ ಪ್ರತಿ ತಿಂಗಳೂ ಕರಗುತ್ತ ಹೋಗುತ್ತದೆಯೋ, ಅವಧಿಯ ಕೊನೆಯ ದಿನದವರೆಗೂ ಪೂರ್ತಿ ಮೊತ್ತವೇ ತಲೆಯ ಮೇಲಿರುತ್ತದೆಯೋ ಎಂದು. ನನ್ನದು ಕರಗುವ ಬಗೆಯದಾಗಿತ್ತು.