ಒಬ್ಬಳೇ ದುಡಿಯುವ ಮನೆ: ಸಾಲದ ಕಂತು ಎಷ್ಟಿರಬೇಕು?

ಮನೆಯ ಭಾರವೆಲ್ಲ ಒಬ್ಬ ಹೆಣ್ಣುಮಗಳ ಮೇಲಿದ್ದು, ಆಕೆ ನಮ್ಮ ಮಹಿಳಾ ಸ್ವಸಹಾಯ ಸಂಘದಲ್ಲಿ ಸಾಲ ಕೇಳಿದರೆ, ನಾನು ಮೊದಲು ಕೇಳುವುದು ವರ್ಷದಲ್ಲಿ ಕೂಲಿ ತೀರಾ ಕಡಿಮೆ ಸಿಗುವ ತಿಂಗಳು ಯಾವುದು ಅಂತ. ಕಂತು ಆ ತಿಂಗಳಿಗೆ ಹೊಂದಬೇಕು, ವರ್ಷದ ಸರಾಸರಿಗಲ್ಲ.

ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂಬುದು ರಿಸರ್ವ್ ಬ್ಯಾಂಕಿನ 2022ರ ಕಿರುಸಾಲ ನಿಯಮ. ಇಬ್ಬರು ದುಡಿಯುವಲ್ಲಿ ಅದು ನಡೆದೀತು. ಒಬ್ಬಳೇ ದುಡಿಯುವಲ್ಲಿ ಅರ್ಧ ಕೊಟ್ಟರೆ ಅಡುಗೆಮನೆಗೇ ಪೆಟ್ಟು.

ಮಳೆ ನಂಬಿದ ಊರಿನ ಏಪ್ರಿಲ್ ತಿಂಗಳು ಹಿಡಿಯೋಣ. ಎಂಟು ದಿನ ಕೂಲಿ, ದಿನಕ್ಕೆ 350ರಂತೆ 2,800. ವಿಧವಾ ವೇತನ 800. ಒಟ್ಟು 3,600. ಸಂತೆ, ಔಷಧಿ, ಕರೆಂಟು, ಮಕ್ಕಳ ಖರ್ಚು ಎಷ್ಟು ಬಿಗಿ ಹಿಡಿದರೂ 3,000. ಉಳಿಯುವುದು 600, ಅದೇ ಕಂತಿನ ಮಿತಿ. ಗೃಹಲಕ್ಷ್ಮಿಯ 2,000 ಇದಕ್ಕೆ ಸೇರಿಸುವುದಿಲ್ಲ, ತಡವಾದ ತಿಂಗಳು ಕಂತು ನಿಂತುಹೋಗುತ್ತದೆ. ಬಂದಾಗ ಅದರಿಂದ ಎರಡು ಕಂತಿನಷ್ಟು ಖಾತೆಯಲ್ಲೇ ಉಳಿಸಿಡಿಸುತ್ತೇನೆ.

600ಕ್ಕೆ ಹೊಂದುವ ಸಾಲ 10,000: ಇಪ್ಪತ್ತು ತಿಂಗಳು, ಅಸಲು 500, ಉಳಿದ ಬಾಕಿಯ ಮೇಲೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಮೊದಲ ಕಂತು 600, ಆಮೇಲೆ ತಿಂಗಳಿಗೆ ಐದೈದು ರೂಪಾಯಿ ಇಳಿಯುತ್ತದೆ. ಒಟ್ಟು ಬಡ್ಡಿ 1,050. ಅದೇ ಒಂದು ರೂಪಾಯಿ ಬಡ್ಡಿಯನ್ನು ಕೊನೆಯವರೆಗೂ ಪೂರ್ತಿ 10,000ದ ಮೇಲೆ ಹಾಕಿದರೆ 2,000. ಹಾಗಾಗಿ "ಎಷ್ಟು ಪರ್ಸೆಂಟ್" ಎನ್ನುವುದಕ್ಕಿಂತ "ಒಟ್ಟು ಎಷ್ಟು ಕಟ್ಟಬೇಕು" ಎಂದು ಕೇಳುವುದು ಮೇಲು.

ಹೆಚ್ಚು ಕೆಡುವುದು ಮೇಕೆ ಸಾಲದಲ್ಲಿ. ಮೇಕೆಯ ಗಬ್ಬವೇ ಐದು ತಿಂಗಳು, ಮರಿ ಮಾರುವಷ್ಟಾಗಲು ಇನ್ನೂ ಆರೇಳು ತಿಂಗಳು. ಕಂತು ಮಾತ್ರ ಮುಂದಿನ ತಿಂಗಳೇ ಶುರು. ಮೇಕೆ ತೀರಿಸುತ್ತದೆ ಎಂದು ನಂಬಿದವರು ಕೊನೆಗೆ ಮೇಕೆಯನ್ನೇ ಮಾರುತ್ತಾರೆ, ಇಲ್ಲವೇ ಇನ್ನೊಂದು ಕಡೆ ಸಾಲ ತಂದು ಇಲ್ಲಿ ಕಟ್ಟುತ್ತಾರೆ. ಗಬ್ಬದ ಮೇಕೆಯನ್ನೇ ಕೊಳ್ಳಬೇಕು, ಮೊದಲ ವರ್ಷದ ಕಂತು ಕೂಲಿಯಿಂದಲೇ ಹೊರಡಬೇಕು.

ಕಿರುಸಾಲ ಕಂಪನಿಗಳ ಸಾಲಕ್ಕೆ ಹಲವು ಕಡೆ ಗಂಡನ ಅಥವಾ ಮಗನ ಸಹಿ ಕೇಳುತ್ತಾರೆ. ಗಂಡ ಬಿಟ್ಟುಹೋದವಳು ಆಗ ಮೈದುನನ ಕೈಕಾಲು ಹಿಡಿಯಬೇಕು. ಅವನು ಸಹಿ ಹಾಕಲು ಸಾಲದ ಅರ್ಧ ದುಡ್ಡು ಕೇಳುವುದೂ ಉಂಟು. ಇಂಥವರಿಗೆ ಸಂಘದ ಉಳಿತಾಯದಿಂದಲೇ ಮೊದಲ ಸಾಲ ಕೊಡಿಸುವುದು ನನ್ನ ಪದ್ಧತಿ. ಬೇರೆಯವರಿಗಾಗಿ ತನ್ನ ಹೆಸರಲ್ಲಿ ಸಾಲ ಎತ್ತಿಕೊಡಬಾರದು ಎಂದು ಅದೇ ದಿನ ಬಿಡಿಸಿ ಹೇಳುತ್ತೇನೆ. ಪ್ರತಿ ಕಂತನ್ನೂ ಅವಳ ಕಣ್ಣೆದುರೇ ಪಾಸ್‌ಬುಕ್ಕಿಗೆ ಏರಿಸಿ, ಉಳಿದ ಬಾಕಿ ಓದಿ ಹೇಳಿಸುತ್ತೇನೆ.